ಗಂಧಕ ಹೋದದ್ದಕ್ಕೇ ಪಂಪ್ ಸವೆಯಿತೇ? ಹಳೆಯ ಜೀಪಿನ ನಾಲ್ಕು ತಿಂಗಳ ದುರಸ್ತಿ ದಿನಚರಿ

2024 ನವೆಂಬರ್ 3, ಭಾನುವಾರ

ದೀಪಾವಳಿ ಮುಗಿಸಿ ಚಿಕ್ಕೋಡಿಯಿಂದ ಪುಣೆಗೆ ಮರಳುತ್ತಿದ್ದೆವು. ಸಾತಾರೆ ದಾಟಿದ ಮೇಲೆ ಚಹಕ್ಕೆಂದು ಜೀಪು ನಿಲ್ಲಿಸಿದೆ. ಹದಿನೈದು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಎಂಜಿನ್ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಬೆಳಿಗ್ಗೆ ಊರಿನ ಚಳಿಯಲ್ಲಿ ಒಂದೇ ಸಲಕ್ಕೆ ಹೊತ್ತಿದ ಎಂಜಿನ್ ಇದು. ಬ್ಯಾಟರಿ ಗಟ್ಟಿಯಾಗಿತ್ತು, ಟ್ಯಾಂಕಿನಲ್ಲಿ ಡೀಸೆಲ್ ಇತ್ತು.

ಹಳೆಯ ಚಾಲಕರೊಬ್ಬರು ಹೇಳಿಕೊಟ್ಟಿದ್ದ ಪರೀಕ್ಷೆ ನೆನಪಿಗೆ ಬಂತು. ಟವೆಲ್ ಒದ್ದೆ ಮಾಡಿ ಇಂಜೆಕ್ಷನ್ ಪಂಪಿನ ತಲೆಗೆ ಸುತ್ತಿದೆ. ಹತ್ತು ನಿಮಿಷದಲ್ಲಿ ಎರಡು ಬಾರಿ ಟವೆಲ್ ಹಿಂಡಿ ಮತ್ತೆ ಸುತ್ತಿದೆ. ಪಂಪ್ ಕೈಗೆ ಬೆಚ್ಚಗೆ ತಗಲುವಷ್ಟು ತಣಿದಾಗ ಕೀಲಿ ತಿರುಗಿಸಿದೆ, ಹೊತ್ತಿತು. ಬಿಸಿಯಾದ ಡೀಸೆಲ್ ತೆಳ್ಳಗಾಗುತ್ತದೆ. ಪ್ಲಂಜರ್, ಅಂದರೆ ಪಂಪಿನೊಳಗೆ ಡೀಸೆಲ್ಲನ್ನು ಒತ್ತುವ ದಂಡ, ಸವೆದಿದ್ದರೆ ತೆಳ್ಳಗಿನ ಡೀಸೆಲ್ ಅದರ ಪಕ್ಕದಿಂದಲೇ ಜಾರಿ ಹಿಂದಕ್ಕೆ ಹೋಗುತ್ತದೆ, ಇಂಜೆಕ್ಟರ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ತಣಿದರೆ ಹುಟ್ಟುತ್ತದೆ. ಪಂಪಿನ ತಲೆ ಸವೆದಿದೆ ಎನ್ನುವುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಬಿಸಿ ಪಂಪಿನ ಮೇಲೆ ನೇರವಾಗಿ ತಣ್ಣೀರು ಮಾತ್ರ ಸುರಿಯಬೇಡಿ. ಹೊರಗಿನ ತಲೆ ಒಮ್ಮೆಲೇ ಕುಗ್ಗಿದರೆ ಒಳಗಿನ ಪ್ಲಂಜರ್ ಬಿಗಿದುಕೊಳ್ಳಬಹುದು. ಒದ್ದೆ ಬಟ್ಟೆ ಸಾಕು.

ಗಾಡಿಯ ವಿವರ: 1999ರಲ್ಲಿ ಅಪ್ಪ ಕೊಂಡದ್ದು. ನಾಲ್ಕು ಸಿಲಿಂಡರ್, ಎರಡು ಲೀಟರ್, ಟರ್ಬೊ ಇಲ್ಲ, ರೋಟರಿ ಪಂಪ್. ಈ ಬಗೆಯ ಪಂಪಿನಲ್ಲಿ ಒಂದೇ ಪ್ಲಂಜರ್ ತಿರುಗುತ್ತ, ಮುಂದೆ ಹಿಂದೆ ಚಲಿಸುತ್ತ ನಾಲ್ಕೂ ಸಿಲಿಂಡರಿಗೆ ಡೀಸೆಲ್ ಹಂಚುತ್ತದೆ. ಅದರೊಳಗೆ ಬೇರೆ ಎಣ್ಣೆ ಇಲ್ಲ. ಹರಿಯುವ ಡೀಸೆಲ್ಲೇ ಅದಕ್ಕೆ ಕೀಲೆಣ್ಣೆ. ಮುಂದೆ ಬರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ನವೆಂಬರ್ 10

ಪಂಪಿಗೆ ಹೋಗುವ ಕೊಳವೆಯ ಜಾಗದಲ್ಲಿ ಪಾರದರ್ಶಕ ಪೈಪ್ ಹಾಕಿ ನೋಡಿದೆ. ಗಾಳಿಗುಳ್ಳೆ ಇಲ್ಲ. ಆದರೆ ಆಕ್ಸಿಲರೇಟರ್ ಲಿವರಿನ ಬುಡದಲ್ಲಿ ಜಿನುಗು ಇತ್ತು, ಪಂಪಿನ ದೇಹ ಮತ್ತು ತಲೆ ಸೇರುವ ಜಾಗವೂ ಒದ್ದೆಯಾಗಿತ್ತು. ಕೆಳಗೆ ಹಾಸಿದ ಕಾಗದದ ಮೇಲೆ ಹತ್ತು ನಿಮಿಷದಲ್ಲಿ ಎಂಟು ಹನಿ.

ನವೆಂಬರ್ 16 ಮತ್ತು 17

ಪಂಪ್ ಇಳಿಸಿದೆ. ಒಂದನೇ ಸಿಲಿಂಡರನ್ನು ಮೇಲ್ತುದಿಗೆ ತಂದು, ಫ್ಲೈವೀಲ್ ಗುರುತು ನೋಡಿ, ಪಂಪಿನ ಫ್ಲ್ಯಾಂಜ್ ಮತ್ತು ಬ್ರ್ಯಾಕೆಟ್ಟಿನ ಮೇಲೆ ಸೂಜಿಯಿಂದ ಒಂದೇ ಗೆರೆ ಎಳೆದೆ. ಬೆಲ್ಟ್ ತೆಗೆದು, ಗಾಲಿಗೆ ಪುಲ್ಲರ್ ಹಾಕಿ, ನಾಲ್ಕು ಒತ್ತಡದ ಪೈಪುಗಳನ್ನು ಒಂದೇ ಗೊಂಚಲಾಗಿ ಕಳಚಿದೆ. ಒಂದು ತಪ್ಪು ಮಾಡಿದೆ: ಶನಿವಾರ ರಾತ್ರಿ ಇಂಜೆಕ್ಟರುಗಳ ಬಾಯಿ ಮುಚ್ಚದೆ ಮಲಗಿದೆ. ಬೆಳಿಗ್ಗೆ ನೋಡಿದರೆ ಎರಡರ ಮೇಲೆ ಸಣ್ಣ ಮರಳು ಕೂತಿತ್ತು. ನಾಲ್ಕನ್ನೂ ಬಿಚ್ಚಿ ಪಂಪಿನ ಜೊತೆಯೇ ಪರೀಕ್ಷೆಗೆ ಒಯ್ಯಬೇಕಾಯಿತು. ಹೇಗೂ ಒಯ್ಯಬೇಕಿತ್ತು ಎಂದು ನಂತರ ಗೊತ್ತಾಯಿತು, ಆದರೆ ಆ ಮರಳು ಒಳಗೆ ಹೋಗಿದ್ದರೆ ಹೊಸ ನಾಜಲ್ ಹಾಕಿಯೂ ಪ್ರಯೋಜನವಾಗುತ್ತಿರಲಿಲ್ಲ.

ನವೆಂಬರ್ 19

ಭೋಸರಿಯ ಪಂಪ್ ಅಂಗಡಿ. ಹಿರಿಯ ಮಿಸ್ತ್ರಿ ನನ್ನೆದುರೇ ಬಿಚ್ಚಿದರು. ಮೇಲಿನ ಮುಚ್ಚಳ ತೆಗೆದಾಗ ಒಳಗಿನ ಡೀಸೆಲ್‌ನಲ್ಲಿ ಬೆಳ್ಳಿಯ ಪುಡಿ ತೇಲುವಂತೆ ಹೊಳಪು ಕಂಡಿತು. ಪ್ಲಂಜರಿನ ಮೈಮೇಲೆ ಉಗುರಿಗೆ ತಾಗುವಂಥ ಉದ್ದ ಗೀರುಗಳು. ಕ್ಯಾಮ್ ತಟ್ಟೆಯ ಏರುಗಳಲ್ಲಿ ಸಣ್ಣ ಗುಳಿಗಳು. ಒಳಗಿನ ಎಲೆಪಂಪಿನ ಗೋಡೆಯಲ್ಲಿ ಬಳೆಯಂತೆ ಸವೆದ ಗುರುತು.

ಮಿಸ್ತ್ರಿ ಪ್ಲಂಜರನ್ನು ಬೆಳಕಿಗೆ ಹಿಡಿದು ಹೇಳಿದರು: “ಸಾಹೇಬ, ಗಂಧಕವೇ ಡೀಸೆಲ್ಲಿನ ಜಿಡ್ಡು. ಸರ್ಕಾರ ಅದನ್ನು ತೆಗೆದ ಮೇಲೆ ಹಳೆಯ ಪಂಪುಗಳೆಲ್ಲ ಹೀಗೇ ಬರುತ್ತಿವೆ. ಇನ್ನು ಮೇಲೆ ಟ್ಯಾಂಕಿಗೆ ಸ್ವಲ್ಪ ಟೂ-ಸ್ಟ್ರೋಕ್ ಎಣ್ಣೆ ಹಾಕುತ್ತಿರಿ.”

ನಲವತ್ತು ವರ್ಷ ಪಂಪ್ ಬಿಚ್ಚಿದ ಕೈ ಅದು. ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ಲೆಕ್ಕ ಹಾಕಿದಾಗ ಕೂಡಲಿಲ್ಲ. ಪುಣೆಗೆ 350 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 350 ಭಾಗ) ಗಂಧಕದ ಡೀಸೆಲ್ ಬಂದದ್ದು 2005ರ ಏಪ್ರಿಲ್‌ನಲ್ಲಿ. 50 ಪಿಪಿಎಂ ಬಂದದ್ದು 2010ರಲ್ಲಿ. ದೇಶಕ್ಕೆಲ್ಲ 10 ಪಿಪಿಎಂ ಬಂದದ್ದು 2020ರ ಏಪ್ರಿಲ್ 1ರಂದು, ವಾಹನದ ಹೊಗೆಯ ಮಾನಕ ಭಾರತ್ ಸ್ಟೇಜ್ 6ರ ಜೊತೆ. ಗಂಧಕದ ಬಹುಪಾಲು ಹೋಗಿ ಹದಿನಾಲ್ಕು ವರ್ಷವಾಗಿದೆ. ಗಂಧಕವೇ ಜಿಡ್ಡಾಗಿದ್ದರೆ ನನ್ನ ಪಂಪ್ 2012ರ ಹೊತ್ತಿಗೇ ಸಾಯಬೇಕಿತ್ತು. ಇನ್ನೊಂದು ಮಾತು: ನಮ್ಮ ಡೀಸೆಲ್ಲಿನ ಮಾನಕ ಐಎಸ್ 1460ರಲ್ಲಿ ಸವೆತದ ಮಿತಿ ಇದೆ. 60 ಡಿಗ್ರಿ ಬಿಸಿಯಲ್ಲಿ, ಡೀಸೆಲ್‌ನಲ್ಲಿ ಮುಳುಗಿದ ಉಕ್ಕಿನ ತಟ್ಟೆಯ ಮೇಲೆ ಉಕ್ಕಿನ ಗುಂಡನ್ನು 75 ನಿಮಿಷ ಉಜ್ಜುತ್ತಾರೆ. ಗುಂಡಿನ ಮೇಲಿನ ಗಾಯ 460 ಮೈಕ್ರಾನ್ ದಾಟಬಾರದು. ತೈಲಾಗಾರದವರು ಅದಕ್ಕೆ ಬೇಕಾದ ಜಾರುವ ಮದ್ದನ್ನು ಸೇರಿಸಿಯೇ ಕಳುಹಿಸುತ್ತಾರೆ.

ಮಿಸ್ತ್ರಿಯವರ ಮಾತಿಗೆ ಬೇರು ಇಲ್ಲದಿಲ್ಲ. 1990ರ ದಶಕದ ಆರಂಭದಲ್ಲಿ ಸ್ವೀಡನ್ ಅತಿ ಕಡಿಮೆ ಗಂಧಕದ ಡೀಸೆಲ್ ತಂದಾಗ ಅಲ್ಲಿಯ ರೋಟರಿ ಪಂಪುಗಳು ಬೇಗ ಬೇಗ ಕೆಟ್ಟವು. ಆದರೆ ಕಾರಣ ಗಂಧಕ ಹೋದದ್ದಲ್ಲ. ಗಂಧಕ ತೆಗೆಯಲು ಡೀಸೆಲ್ಲನ್ನು ಬಿಸಿ ಮತ್ತು ಒತ್ತಡದಲ್ಲಿ ಹೈಡ್ರೋಜನ್ ಜೊತೆ ಹಾಯಿಸುತ್ತಾರೆ. ಆಗ ಲೋಹಕ್ಕೆ ಅಂಟಿ ಪದರ ಕಟ್ಟುತ್ತಿದ್ದ, ಆಮ್ಲಜನಕ ಮತ್ತು ಸಾರಜನಕ ಸೇರಿದ ಸೂಕ್ಷ್ಮ ಅಂಶಗಳೂ ಕಳೆದುಹೋಗುತ್ತವೆ. ಕೀಲೆಣ್ಣೆಯ ಕೆಲಸ ಮಾಡುತ್ತಿದ್ದವು ಅವು. ಗಂಧಕ ಅವುಗಳ ಜೊತೆಗಾರ ಮಾತ್ರ.

ಇದನ್ನು ಓದಿ ತಿಳಿಯುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ಟೂಲ್‌ರೂಮಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದೇನೆ. ಅಳೆಯದೆ ನಂಬುವುದು ನನಗೆ ಕಷ್ಟ.

ನವೆಂಬರ್ 24

ಪಂಪ್ ಅಂಗಡಿಯಲ್ಲಿ ಇರುವಾಗಲೇ ಟ್ಯಾಂಕ್ ಇಳಿಸಿದೆ. ಈ ದಿನವನ್ನು ವಿವರವಾಗಿ ಬರೆಯಬೇಕು.

ತಳದ ಬೋಲ್ಟ್ ತೆಗೆದು ಗಾಜಿನ ಜಾಡಿಗೆ ಹಿಡಿದಾಗ ಮೊದಲು ಬಂದದ್ದು ಡೀಸೆಲ್ ಅಲ್ಲ, ನೀರು. ಕಾಲು ಲೀಟರ್‌ಗಿಂತ ಸ್ವಲ್ಪ ಹೆಚ್ಚು. ಕಂದು ಬಣ್ಣ, ತಳದಲ್ಲಿ ತುಕ್ಕಿನ ಮಡ್ಡಿ. ನೀರು ಬೇರ್ಪಡಿಸುವ ಬಟ್ಟಲಿನ ಕೆಳಗಿನ ತಿರುಪು ತುಕ್ಕು ಹಿಡಿದು ಕಲ್ಲಾಗಿತ್ತು. ಅದನ್ನು ನಾನು ಕೊನೆಯ ಬಾರಿ ತೆರೆದದ್ದು ಯಾವಾಗ ಎಂದು ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ. ಜೀಪು ಮಳೆಗಾಲದುದ್ದಕ್ಕೂ ಅರ್ಧ ಟ್ಯಾಂಕಿನಲ್ಲಿ ನಿಂತೇ ಇರುತ್ತದೆ. ಹಗಲು ಬಿಸಿಯಾಗಿ ರಾತ್ರಿ ತಣಿದಾಗ ಖಾಲಿ ಅರ್ಧದ ತೇವದ ಗಾಳಿ ಒಳಗೋಡೆಯ ಮೇಲೆ ಬೆವರಾಗಿ ಇಳಿಯುತ್ತದೆ. ಐದಾರು ಮಳೆಗಾಲಗಳ ನೀರು ಅದು.

ಎರಡನೆಯ ತಪ್ಪು ಇನ್ನೂ ದೊಡ್ಡದು. 2022ರಿಂದ, ಇಂಜೆಕ್ಟರ್ ಶುದ್ಧವಾಗಿರುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಪ್ರತಿ 20 ಲೀಟರ್ ಡೀಸೆಲ್ಲಿಗೆ ಒಂದು ಲೀಟರ್ ಮಿನರಲ್ ಟರ್ಪೆಂಟೈನ್ ಬೆರೆಸುತ್ತಿದ್ದೆ. ಬಣ್ಣದ ಅಂಗಡಿಯಲ್ಲಿ ಸಿಗುವುದೇ. ಅದು ಜಿಡ್ಡನ್ನು ಕರಗಿಸುವ ದ್ರವ, ಡೀಸೆಲ್ಲಿಗಿಂತ ತೆಳ್ಳಗಿನದು. ಡೀಸೆಲ್ಲನ್ನೇ ಕೀಲೆಣ್ಣೆಯಾಗಿ ನಂಬಿರುವ ಪಂಪಿಗೆ ಎರಡು ವರ್ಷ ಅದನ್ನು ಕುಡಿಸಿದ್ದೇನೆ. ಸರ್ಕಾರದ ಗಂಧಕವನ್ನು ದೂರುವ ಮೊದಲು ನನ್ನ ಕೈಯನ್ನು ನಾನು ನೋಡಿಕೊಳ್ಳಬೇಕಿತ್ತು.

ಮಿಸ್ತ್ರಿಗೆ ಫೋನ್ ಮಾಡಿ ರೋಲರುಗಳನ್ನು ಭೂತಗನ್ನಡಿಯಲ್ಲಿ ನೋಡಲು ಕೇಳಿದೆ. ಅಚ್ಚುಗಳ ಮೇಲೆ ಕಂದು ಚುಕ್ಕೆಗಳಿವೆ ಎಂದರು. ತುಕ್ಕು.

ಡಿಸೆಂಬರ್ 1: ಗುಂಡಿನ ಪರೀಕ್ಷೆ, ಮೊದಲ ಸಲ

ಮೇಲೆ ಹೇಳಿದ ಮಾನಕದ ಯಂತ್ರ ನನ್ನಲ್ಲಿಲ್ಲ. ಅದರ ಒರಟು ಅಣಕ ಕಟ್ಟಿದೆ. 6205 ಬೇರಿಂಗಿನ ಹೊರಬಳೆಯನ್ನು ಮ್ಯಾಂಡ್ರೆಲ್‌ಗೆ ಕೂರಿಸಿ ಲೇತಿನ ಚಕ್‌ಗೆ ಹಿಡಿದೆ. ಬಳೆಯ ಕೆಳಭಾಗ ಬಟ್ಟಲಿನ ಇಂಧನದಲ್ಲಿ ಮುಳುಗಿರುತ್ತದೆ. ಮೇಲಿನಿಂದ 6 ಮಿ.ಮೀ. ಗುಂಡು, ಸನ್ನೆಯ ತುದಿಯಲ್ಲಿ ಒಂದು ಕಿಲೋ ತೂಕ. 200 ಸುತ್ತಿನ ವೇಗ, ಹತ್ತು ನಿಮಿಷ. ಆಮೇಲೆ ಗುಂಡಿನ ಮೇಲಿನ ಗಾಯದ ಅಗಲವನ್ನು ಟೂಲ್‌ಮೇಕರ್ ಮೈಕ್ರೋಸ್ಕೋಪಿನಲ್ಲಿ ಅಳೆಯುವುದು. ರಜೆಯ ದಿನ ಬಳಸಲು ವಿಭಾಗದ ಮುಖ್ಯಸ್ಥರು ಅನುಮತಿ ಕೊಟ್ಟರು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಮೊದಲ ದಿನದ ಅಳತೆಗಳೆಲ್ಲ ಕಸದ ಬುಟ್ಟಿಗೆ ಹೋದವು. ಗುಂಡು ಹಿಡಿಕೆಯಲ್ಲಿ ನಿಧಾನವಾಗಿ ತಿರುಗುತ್ತಿತ್ತು, ಆದ್ದರಿಂದ ಗಾಯ ಒಂದೇ ಜಾಗದಲ್ಲಿ ಬೀಳುತ್ತಿರಲಿಲ್ಲ. ಒಂದೇ ಡೀಸೆಲ್ಲಿಗೆ 0.38, 0.71, 0.52 ಮಿ.ಮೀ. ಬಂದವು. ಹಿಡಿಕೆಗೆ ಪಕ್ಕದಿಂದ 3 ಮಿ.ಮೀ.ನ ತಿರುಪು ಕೊರೆದು ಬಿಗಿದ ಮೇಲೆ ಸರಿಹೋಯಿತು.

ಡಿಸೆಂಬರ್ 8: ಬಯೋಡೀಸೆಲ್, ಮೊದಲ ಪಾಕ

ಹೋಲಿಕೆಗೆ ಬಯೋಡೀಸೆಲ್ ಬೇಕೆಂದು ನಿರ್ಧರಿಸಲು ಕಾರಣವಿತ್ತು. ಅಡುಗೆ ಎಣ್ಣೆಯಿಂದ ಮಾಡಿದ ಬಯೋಡೀಸೆಲ್‌ನಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಗಂಧಕವೇ ಜಿಡ್ಡಾಗಿದ್ದರೆ ಅದರಲ್ಲಿ ಗಾಯ ದೊಡ್ಡದಾಗಬೇಕು. ಅದಲ್ಲ ಎಂದಾದರೆ ಚಿಕ್ಕದಾಗಬೇಕು. ಮಿಸ್ತ್ರಿಯವರ ಮಾತನ್ನು ಒರೆಗೆ ಹಚ್ಚಲು ಇದಕ್ಕಿಂತ ನೇರವಾದ ದಾರಿ ನನಗೆ ತೋಚಲಿಲ್ಲ.

ಆಕುರ್ಡಿಯಲ್ಲಿ ಉಡುಪಿ ಹೋಟೆಲ್ ನಡೆಸುವ ಶೆಟ್ಟರು ಕರಿದ ಎಣ್ಣೆಯನ್ನು ಸಂಗ್ರಹಕಾರರಿಗೆ ಕೊಡುತ್ತಾರೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ, ಎಣ್ಣೆಯ ಧ್ರುವೀಯ ಅಂಶ (ಮತ್ತೆ ಮತ್ತೆ ಕಾದು ಕೆಟ್ಟ ಭಾಗ) ಶೇ 25 ದಾಟಿದರೆ ಅಡುಗೆಗೆ ಬಳಸಬಾರದು ಎಂದ ಮೇಲೆ ಅವರ ಅಡುಗೆಮನೆಯಲ್ಲಿ ಅದಕ್ಕೊಂದು ವಹಿ ಇದೆ. ಅದರಲ್ಲಿ ಬರೆದೇ ಏಳು ಲೀಟರ್ ತೆಗೆದಿಟ್ಟುಕೊಟ್ಟರು. ವಡೆ, ಪೂರಿ, ಬಜ್ಜಿ ಕರಿದ ತಾಳೆ ಎಣ್ಣೆ.

ಮೆಥನಾಲ್ ವಿಷ. ಕುಡಿದರಂತೂ ಸರಿಯೇ, ಆವಿ ಮತ್ತು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಕಣ್ಣು ಕಳೆಯುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ಮನೆಯ ಅಡುಗೆಮನೆಯಲ್ಲಿ ಇದನ್ನು ಮಾಡಲೇಬಾರದು. ನನ್ನ ಸೋದರಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾನೆ. ಅವನ ಪ್ರಯೋಗಾಲಯದಲ್ಲಿ, ಆವಿ ಹೊರಗೆಳೆಯುವ ಕಪಾಟಿನೊಳಗೆ, ಕೈಗವಸು ಕನ್ನಡಕ ಹಾಕಿಕೊಂಡು ಮಾಡಿದೆವು.

ಮೊದಲ ಪಾಕ ಎರಡು ಲೀಟರ್. ಹೊಸ ಎಣ್ಣೆಗೆ ಲೀಟರಿಗೆ 3.5 ಗ್ರಾಂ ಕಾಸ್ಟಿಕ್ ಸೋಡಾ ಎಂಬ ಲೆಕ್ಕವನ್ನೇ ಹಿಡಿದು 7 ಗ್ರಾಂ ಹಾಕಿಸಿದೆ. ಅಳಿಯ ಹೇಳಿದ್ದ, “ಮಾಮಾ, ಮೊದಲು ಆಮ್ಲ ಎಷ್ಟಿದೆ ನೋಡೋಣ, ನೀರು ಓಡಿಸೋಣ.” ನನಗೆ ಅವಸರ. ಲೇತ್ ಕಾಯುತ್ತಿದೆ ಎಂದೆ. ಕರಿದ ಎಣ್ಣೆಯಲ್ಲಿ ಬಿಡಿ ಆಮ್ಲ ಇರುತ್ತದೆ. ಅದು ಸೋಡಾವನ್ನು ನುಂಗಿ ಸಾಬೂನಾಗುತ್ತದೆ. ಪೂರಿಯಿಂದ ಬಂದ ನೀರೂ ಇತ್ತು. ರಾತ್ರಿ ಕಳೆದು ನೋಡಿದರೆ ಎರಡು ಪದರ ಬಂದಿರಲಿಲ್ಲ. ಪಾತ್ರೆಯಲ್ಲಿದ್ದದ್ದು ಒಂದೇ ಮುದ್ದೆ, ಹಾಲುಖೋವದ ಬಣ್ಣ. ತೊಳೆಯಲು ನೀರು ಹಾಕಿದೊಡನೆ ಇನ್ನಷ್ಟು ಗಟ್ಟಿಯಾಯಿತು. ಎರಡು ಲೀಟರೂ ಹೋಯಿತು.

ಡಿಸೆಂಬರ್ 15: ಎರಡನೆಯ ಪಾಕ

ಈ ಸಲ ಅಳಿಯ ಹೇಳಿದ ಹಾಗೆ.

ಐದು ಲೀಟರ್ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, 110 ಡಿಗ್ರಿಗೆ ಕಾಯಿಸಿ, ಚಟಪಟ ನಿಲ್ಲುವ ತನಕ ಇಟ್ಟೆವು. ತಣಿದ ಮೇಲೆ ಒಂದು ಮಿ.ಲೀ. ಎಣ್ಣೆಯನ್ನು 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕರಗಿಸಿ, ಫಿನಾಲ್ಫ್ಥಲೀನ್ ಎರಡು ಹನಿ ಹಾಕಿ, ಲೀಟರಿಗೆ ಒಂದು ಗ್ರಾಂ ಸೋಡಾ ಇರುವ ದ್ರಾವಣವನ್ನು ಹನಿ ಹನಿ ಬಿಟ್ಟೆವು. ಗುಲಾಬಿ ಬಣ್ಣ ನಿಲ್ಲಲು 3 ಮಿ.ಲೀ. ಬೇಕಾಯಿತು. ಅಂದರೆ ಲೀಟರಿಗೆ 3 ಗ್ರಾಂ ಹೆಚ್ಚು ಸೋಡಾ. 3.5 ಮತ್ತು 3 ಸೇರಿ 6.5, ಐದು ಲೀಟರಿಗೆ 32.5 ಗ್ರಾಂ. ಮೊದಲ ಪಾಕದಲ್ಲಿ ನಾನು ಹಾಕಿಸಿದ್ದು ಬೇಕಾದದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ.

ಮೆಥನಾಲ್ 1.1 ಲೀಟರ್. ಸೋಡಾವನ್ನು ಅದರಲ್ಲಿ ಪೂರ್ತಿ ಕರಗಿಸಿ, 55 ಡಿಗ್ರಿಯ ಎಣ್ಣೆಗೆ ಸೇರಿಸಿ, ಒಂದು ಗಂಟೆ ಕಲಕಿದೆವು. ಮೆಥನಾಲ್ 65 ಡಿಗ್ರಿಯ ಹತ್ತಿರ ಕುದಿಯುತ್ತದೆ, ಅದಕ್ಕೇ 55 ದಾಟಿಸಲಿಲ್ಲ. ಹದಿನೈದು ನಿಮಿಷದಲ್ಲೇ ದ್ರವ ತೆಳ್ಳಗಾದದ್ದು ಕಲಕುವ ಸದ್ದಿನಲ್ಲೇ ತಿಳಿಯಿತು. ಮರುದಿನ ತಳದಲ್ಲಿ ಜೋನಿಬೆಲ್ಲದಂಥ ಕಪ್ಪು ಗ್ಲಿಸರಿನ್, ಮೇಲೆ ಚಹದ ಬಣ್ಣದ ತಿಳಿ. ಮೂರು ಬಾರಿ ಬೆಚ್ಚಗಿನ ನೀರಿನಲ್ಲಿ, ಕಲಕದೆ, ಮಳೆಯಂತೆ ಚಿಮುಕಿಸಿ ತೊಳೆದು, ಮತ್ತೆ ಕಾಯಿಸಿ ಒಣಗಿಸಿದೆವು. 3 ಮಿ.ಲೀ. ಬಯೋಡೀಸೆಲ್ಲನ್ನು 27 ಮಿ.ಲೀ. ಮೆಥನಾಲ್‌ಗೆ ಹಾಕಿ ಅಲುಗಾಡಿಸಿದಾಗ ತಳದಲ್ಲಿ ಏನೂ ಉಳಿಯಲಿಲ್ಲ. ಬದಲಾಗದ ಎಣ್ಣೆ ಇದ್ದರೆ ಅದು ಕರಗದೆ ತಳಕ್ಕೆ ಕೂರುತ್ತದೆ. ಕೈಗೆ ಬಂದದ್ದು 4.3 ಲೀಟರ್.

ಎರಡು ದಿನ ಬಿಟ್ಟು ಬೆಳಿಗ್ಗೆ ಕ್ಯಾನ್ ನೋಡಿದರೆ ಮಬ್ಬು. ಮತ್ತೆ ನೀರು ಎಂದು ಎದೆ ಕುಸಿಯಿತು. ಬಿಸಿಲಿಗೆ ಇಟ್ಟ ಅರ್ಧ ಗಂಟೆಯಲ್ಲಿ ತಿಳಿಯಾಯಿತು. ತಾಳೆ ಎಣ್ಣೆಯ ಬಯೋಡೀಸೆಲ್ 15 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟಲು ತೊಡಗುತ್ತದೆ, ಪುಣೆಯ ಡಿಸೆಂಬರ್ ಬೆಳಗು ಅದಕ್ಕಿಂತ ತಣ್ಣಗಿರುತ್ತದೆ. ನೀರಾಗಿದ್ದರೆ ಬಿಸಿಲಿಗೆ ಅಷ್ಟು ಬೇಗ ತಿಳಿಯಾಗುತ್ತಿರಲಿಲ್ಲ.

ಡಿಸೆಂಬರ್ 22: ಗುಂಡಿನ ಪರೀಕ್ಷೆ, ಎರಡನೆಯ ಸಲ

ಬೆಳಿಗ್ಗೆ ಇನ್ನೊಂದು ತಪ್ಪಾಯಿತು. ಮೊದಲು ಬಯೋಡೀಸೆಲ್ ಬೆರೆಸಿದ್ದನ್ನು ಓಡಿಸಿ, ಬಟ್ಟಲನ್ನು ಬಟ್ಟೆಯಲ್ಲಿ ಒರೆಸಿ, ಅದರಲ್ಲೇ ಬರಿಯ ಡೀಸೆಲ್ ಓಡಿಸಿದೆ. ಎರಡರ ಗಾಯವೂ ಹತ್ತಿರ ಹತ್ತಿರ ಒಂದೇ. ಬೆರಕೆಯಿಂದ ಏನೂ ಲಾಭವಿಲ್ಲ ಎಂದು ವಹಿಯಲ್ಲಿ ಬರೆದೂ ಆಗಿತ್ತು. ಊಟದ ಹೊತ್ತಿನಲ್ಲಿ ಹೊಳೆಯಿತು: ಲೋಹಕ್ಕೆ ಅಂಟುವುದೇ ಅದರ ಗುಣ, ಬಟ್ಟೆಗೆ ಅದು ಹೋಗುವುದೇ? ಬಳೆ, ಬಟ್ಟಲು, ಹಿಡಿಕೆ ಎಲ್ಲವನ್ನೂ ಅಸಿಟೋನ್‌ನಲ್ಲಿ ತೊಳೆದು, ಪ್ರತಿ ಸಲ ಹೊಸ ಗುಂಡು, ಬಳೆಯ ಹೊಸ ಜಾಗ, ಒಂದೊಂದಕ್ಕೂ ಮೂರು ಸಲ. ಸರಾಸರಿ ಗಾಯದ ಅಗಲ, ಮಿಲಿಮೀಟರ್‌ನಲ್ಲಿ:

ಮಿನರಲ್ ಟರ್ಪೆಂಟೈನ್ ಮಾತ್ರ: 0.94
ಬಂಕಿನ ಡೀಸೆಲ್: 0.61
ಡೀಸೆಲ್ ಮತ್ತು ಶೇ 5 ಟರ್ಪೆಂಟೈನ್: 0.67
ಡೀಸೆಲ್ ಮತ್ತು ಶೇ 0.5 ಟೂ-ಸ್ಟ್ರೋಕ್ ಎಣ್ಣೆ: 0.57
ಡೀಸೆಲ್ ಮತ್ತು ಶೇ 2 ಬಯೋಡೀಸೆಲ್: 0.46
ಶೇ 5 ಬಯೋಡೀಸೆಲ್: 0.44
ಶೇ 20 ಬಯೋಡೀಸೆಲ್: 0.43

ಇವನ್ನು ಮಾನಕದ 460 ಮೈಕ್ರಾನ್ ಜೊತೆ ಹೋಲಿಸಬೇಡಿ. ನನ್ನ ತೂಕ, ವೇಗ, ಬಿಸಿ, ಹೊತ್ತು ಎಲ್ಲ ಬೇರೆ. ಒಂದೇ ಯಂತ್ರದ ಮೇಲೆ ಒಂದಕ್ಕೊಂದನ್ನು ಹೋಲಿಸಲು ಮಾತ್ರ ಇವು ಬರುತ್ತವೆ. ಆದರೆ ಎರಡು ವಿಷಯ ಸ್ಪಷ್ಟ. ಗಂಧಕವಿಲ್ಲದ ವಸ್ತುವನ್ನು ಬೆರೆಸಿದಾಗ ಗಾಯ ಕುಗ್ಗಿದೆ, ಹಾಗಾಗಿ ಜಾರುವ ಗುಣ ಗಂಧಕದ್ದಲ್ಲ. ಮತ್ತು ಆ ಲಾಭ ಶೇ 2ರಲ್ಲೇ ಬಹುತೇಕ ಮುಗಿದುಹೋಗಿದೆ; ಹತ್ತು ಪಟ್ಟು ಹಾಕಿದರೂ 0.03 ಮಾತ್ರ ಹೆಚ್ಚು. ಲೋಹದ ಮೈ ಮುಚ್ಚುವಷ್ಟು ಇದ್ದರೆ ಸಾಕು ಎಂದು ಕಾಣುತ್ತದೆ.

ಈ ಎರಡನೆಯ ವಿಷಯವನ್ನು ನನ್ನ ಕೈಯಾರೆ ಅಳೆದು, ಬರೆದು, ಮೂರು ವಾರದೊಳಗೆ ಮರೆತೆ. ಅದು ಜನವರಿಯ ಕಥೆ.

ಡಿಸೆಂಬರ್ 28 ಮತ್ತು 29

ಪಂಪ್ ಬಂತು. ಹೊಸ ತಲೆ ಮತ್ತು ಪ್ಲಂಜರ್, ಕ್ಯಾಮ್ ತಟ್ಟೆ, ರೋಲರುಗಳು, ಎಲೆಗಳು, ಎಲ್ಲ ಸೀಲುಗಳು. ಒಂದೊಂದು ಔಟ್‌ಲೆಟ್ ಎಷ್ಟು ಡೀಸೆಲ್ ಕೊಡುತ್ತದೆ ಎಂಬ ಚೀಟಿಯನ್ನು ಮಿಸ್ತ್ರಿ ಕಟ್ಟಿ ಕಳುಹಿಸಿದ್ದರು. ಹಳೆಯ ಗೆರೆಗೆ ಗೆರೆ ಕೂಡಿಸಿ ಬಿಗಿದೆ. ತಲೆಯ ಮಧ್ಯದ ಬೋಲ್ಟ್ ತೆಗೆದು ಡಯಲ್ ಗೇಜ್ ಹಾಕಿದರೆ ಪ್ಲಂಜರ್ ಮೇಲೇಳುವ ಎತ್ತರ (ಡೀಸೆಲ್ ಚಿಮ್ಮುವ ಹೊತ್ತಿನ ಅಳತೆ) 0.82 ಮಿ.ಮೀ.; ಕೈಪಿಡಿಯಲ್ಲಿ 0.90. ಹಳೆಯ ಗೆರೆ ಹಳೆಯ ಸವೆತಕ್ಕೆ ಸರಿಯಾಗಿತ್ತು, ಹೊಸ ಪಂಪಿಗಲ್ಲ. ಪಂಪನ್ನು ಎಂಜಿನ್ ಕಡೆಗೆ ಕೂದಲೆಳೆಯಷ್ಟು ವಾಲಿಸಿ 0.90ಕ್ಕೆ ತಂದೆ.

ಗಾಳಿ ತೆಗೆದು ಚಾಲೂ ಮಾಡಿದಾಗ ಮೂರನೇ ಸಿಲಿಂಡರಿನ ಬಳಿ ‘ಚಸ್ ಚಸ್’ ಸದ್ದು. ಇಂಜೆಕ್ಟರಿನ ಕೆಳಗಿನ ಶಾಖದ ವಾಷರುಗಳು ನೋಡಲು ಚೆನ್ನಾಗಿದ್ದವೆಂದು ಹಳೆಯವನ್ನೇ ಹಾಕಿದ್ದೆ. ಒಮ್ಮೆ ಒತ್ತಿ ಚಪ್ಪಟೆಯಾದ ವಾಷರ್ ಎರಡನೆಯ ಸಲ ಒತ್ತಿಕೊಳ್ಳುವುದಿಲ್ಲ. ನಾಲ್ಕು ವಾಷರಿಗೆ 240 ರೂಪಾಯಿ. ಅದಕ್ಕಾಗಿ ನಾಲ್ಕೂ ಇಂಜೆಕ್ಟರ್ ಮತ್ತೆ ಬಿಚ್ಚಿ ಭಾನುವಾರ ಪೂರ್ತಿ ಹೋಯಿತು.

ಸಂಜೆ ಕಾತ್ರಜ್ ತನಕ ಓಡಿಸಿ, ಎಂಜಿನ್ ಕಾದಿರುವಾಗಲೇ ನಿಲ್ಲಿಸಿ, ಹದಿನೈದು ನಿಮಿಷ ಕಾದು ಕೀಲಿ ತಿರುಗಿಸಿದೆ. ಅರ್ಧ ಸುತ್ತಿಗೆ ಹೊತ್ತಿತು.

2025 ಜನವರಿ 12: ಖಂಬಾಟ್ಕಿ ಘಾಟ್

ಸಂಕ್ರಾಂತಿಗೆ ಊರಿಗೆ ಹೊರಟೆವು. ಟ್ಯಾಂಕಿನಲ್ಲಿ 12 ಲೀಟರ್ ಡೀಸೆಲ್ ಇತ್ತು, ಸಾತಾರೆಯಲ್ಲಿ ಮತ್ತೆ ತುಂಬಿಸುವ ಲೆಕ್ಕ. ಹೊರಡುವ ಮುನ್ನ 3 ಲೀಟರ್ ಬಯೋಡೀಸೆಲ್ ಸುರಿದೆ. ಶೇ 20. ಹೆಚ್ಚು ಹಾಕಿದರೆ ಹೊಸ ಪಂಪಿಗೆ ಹೆಚ್ಚು ರಕ್ಷಣೆ ಎಂದುಕೊಂಡೆ. ಹಾಗೆ ಅಲ್ಲವೆಂದು ಹೇಳುವ ಅಳತೆ ನನ್ನದೇ ವಹಿಯಲ್ಲಿತ್ತು.

ಘಾಟ್ ಏರುವಾಗ ಮೂರನೇ ತಿರುವಿನಲ್ಲಿ ಶಕ್ತಿ ಇಳಿಯಿತು. ಎರಡನೇ ಗೇರ್, ಮೊದಲನೇ ಗೇರ್, ಆಮೇಲೆ ನಿಂತೇಬಿಟ್ಟಿತು. ಹಿಂದೆ ಲಾರಿಗಳ ಸಾಲು. ಹೆಂಡತಿ ಮಕ್ಕಳನ್ನು ಇಳಿಸಿ, ಗಾಲಿಗೆ ಕಲ್ಲು ಕೊಟ್ಟು, ಫಿಲ್ಟರ್ ಬಿಚ್ಚಿದರೆ ಅದರಿಂದ ಬಂದದ್ದು ಡಾಂಬರಿನಂಥ ಕಪ್ಪು. ಬೇರೆ ಫಿಲ್ಟರ್ ತಂದಿರಲಿಲ್ಲ. ಲಾರಿ ಚಾಲಕರೊಬ್ಬರು ಎಳೆದು ಮೇಲಿನ ಬಯಲಿಗೆ ಮುಟ್ಟಿಸಿದರು. ಅಲ್ಲಿಂದ ಬೇರೆ ಗಾಡಿಯಲ್ಲಿ ಹೋಗಿ ಫಿಲ್ಟರ್ ತಂದು ಹಾಕಿ, ಗಾಳಿ ತೆಗೆದು, ಊರು ಸೇರಿದಾಗ ರಾತ್ರಿ ಹನ್ನೊಂದು.

ಚಳಿಗೆ ಬಯೋಡೀಸೆಲ್ ಹೆಪ್ಪಾಗಿ ಕಟ್ಟಿಕೊಂಡಿತೇ ಎಂಬ ಅನುಮಾನವೂ ಇತ್ತು. ಊರಿನಲ್ಲಿ ಹಳೆಯ ಫಿಲ್ಟರನ್ನು ಕೊಯ್ದು, ಒಳಗಿನ ಕಾಗದವನ್ನು ಬಿಸಿನೀರಿನ ಮೇಲೆ ಹಿಡಿದೆ. ಹೆಪ್ಪಾಗಿದ್ದರೆ ಕರಗಬೇಕಿತ್ತು. ಕರಗಲಿಲ್ಲ. ಅದು ಇಪ್ಪತ್ತೈದು ವರ್ಷದಿಂದ ಟ್ಯಾಂಕ್ ಮತ್ತು ಪೈಪಿನ ಗೋಡೆಗೆ ಅಂಟಿದ್ದ ಮಡ್ಡಿ. ಬಯೋಡೀಸೆಲ್ ಒಳ್ಳೆಯ ಕರಗಿಸುವ ದ್ರವ. ಒಮ್ಮೆಲೇ ಅಷ್ಟು ಹಾಕಿದ್ದರಿಂದ ಎಲ್ಲವೂ ಒಮ್ಮೆಲೇ ಕಿತ್ತು ಬಂತು. ನವೆಂಬರ್‌ನಲ್ಲಿ ಟ್ಯಾಂಕ್ ಇಳಿಸಿದಾಗ ನೀರು ತೆಗೆದು, ಎರಡು ಬಾರಿ ಡೀಸೆಲ್‌ನಲ್ಲಿ ಕುಲುಕಿ, ಶುದ್ಧವಾಯಿತೆಂದು ಏರಿಸಿದ್ದೆ. ಒಳಗೆ ಕೈ ಹಾಕಿ ಉಜ್ಜಿರಲಿಲ್ಲ.

ಜನವರಿ 19 ಮತ್ತು 26

ಟ್ಯಾಂಕನ್ನು ಮತ್ತೆ ಇಳಿಸಿ ರೇಡಿಯೇಟರ್ ಅಂಗಡಿಯಲ್ಲಿ ಸರಿಯಾಗಿ ತೊಳೆಸಿದೆ, 600 ರೂಪಾಯಿ. ಇಂಜೆಕ್ಟರುಗಳಿಂದ ಹಿಂದಕ್ಕೆ ಬರುವ ಸಣ್ಣ ರಬ್ಬರ್ ಕೊಳವೆಗಳು ಉಬ್ಬಿ ಅಂಟಂಟಾಗಿದ್ದವು. ಬೆರಳಿಗೆ ಕಪ್ಪು ಹತ್ತುತ್ತಿತ್ತು. ಹಳೆಯ ರಬ್ಬರಿಗೆ ಬಯೋಡೀಸೆಲ್ ಒಗ್ಗುವುದಿಲ್ಲ. ನಾನಾ ಪೇಟೆಯಲ್ಲಿ ಹುಡುಕಿ ಬಯೋಡೀಸೆಲ್ ತಾಳುವ ವೈಟಾನ್ ರಬ್ಬರಿನ ಕೊಳವೆ ಮೂರು ಮೀಟರ್ ತಂದು ಎಲ್ಲವನ್ನೂ ಬದಲಿಸಿದೆ. ಪಂಪಿನ ಹೊಸ ಸೀಲುಗಳು ಯಾವುವು ಎಂದು ಮಿಸ್ತ್ರಿಯವರನ್ನು ಕೇಳಲು ಹೋದೆ. ವೈಟಾನ್ ಎಂದರು. ನಿಟ್ಟುಸಿರು ಬಿಟ್ಟೆ.

ಅದೇ ಸಲ ಗುಂಡುಗಳನ್ನೂ ಒಯ್ದಿದ್ದೆ. ಒಂದು ಕಟ್ಟಿಗೆಯ ಪಟ್ಟಿಯಲ್ಲಿ ಸಾಲಾಗಿ ಅಂಟಿಸಿ, ಕೆಳಗೆ ಹೆಸರು ಬರೆದಿದ್ದೆ. ಮಿಸ್ತ್ರಿ ತಮ್ಮ ಭೂತಗನ್ನಡಿ ತೆಗೆದು ಒಂದೊಂದನ್ನೂ ನೋಡಿದರು. ಟರ್ಪೆಂಟೈನಿನ ಗುಂಡನ್ನು ಎರಡು ಸಲ ನೋಡಿದರು. “ಕಾಕಾ, ಇದರಲ್ಲಿ ಗಂಧಕ ಇಲ್ಲವೇ ಇಲ್ಲ” ಎಂದು ಬಯೋಡೀಸೆಲ್ ಬೆರೆಸಿದ್ದನ್ನು ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, “ಹಾಗಾದರೆ ಇಲ್ಲಿಗೆ ಬರುವ ಪಂಪುಗಳಲ್ಲಿ ನಾನು ಮೊದಲು ನೀರನ್ನೇ ಹುಡುಕಬೇಕಿತ್ತಲ್ಲವೇ?” ಈಗ ಅವರು ಪಂಪ್ ಬಿಚ್ಚುವ ಮುನ್ನ ಅದರೊಳಗಿನ ಡೀಸೆಲ್ಲನ್ನು ಗಾಜಿನ ಲೋಟಕ್ಕೆ ಬಸಿದು, ಗಿರಾಕಿಯ ಎದುರು ಅರ್ಧ ಗಂಟೆ ಇಡುತ್ತಾರೆ.

ಫೆಬ್ರವರಿ 23

ಖರ್ಚು. ಪಂಪಿನ ತಲೆ ಮತ್ತು ಪ್ಲಂಜರ್ 8,200. ಕ್ಯಾಮ್ ತಟ್ಟೆ ಮತ್ತು ರೋಲರ್ 3,100. ಎಲೆಗಳು 1,450. ಸೀಲುಗಳು 650. ಕೂಲಿ ಮತ್ತು ಕ್ಯಾಲಿಬ್ರೇಷನ್ 3,500. ನಾಲ್ಕು ನಾಜಲ್ 3,400. ವಾಷರ್ 240. ಮೂರು ಫಿಲ್ಟರ್ 1,140. ವೈಟಾನ್ ಕೊಳವೆ 960. ಟ್ಯಾಂಕ್ ತೊಳೆತ 600. ಮೆಥನಾಲ್, ಸೋಡಾ ಇತ್ಯಾದಿ ಎರಡೂ ಪಾಕಕ್ಕೆ 740. ಒಟ್ಟು 23,980 ರೂಪಾಯಿ. ಎಳೆದು ತಂದ ಲಾರಿಯವರು ಹಣ ಮುಟ್ಟಲಿಲ್ಲ.

ಈಗ 40 ಲೀಟರಿಗೆ 800 ಮಿ.ಲೀ. ಬಯೋಡೀಸೆಲ್, ಅಂದರೆ ಶೇ 2. ಡಿಸೆಂಬರ್ ಪಾಕದಲ್ಲಿ ಉಳಿದಿದ್ದದ್ದು ಅಷ್ಟೇ, ಅದೂ ಮುಗಿಯಿತು. ಇನ್ನೊಂದು ಪಾಕ ಮಾಡುವುದೇ ಎಂದು ಅಳಿಯ ಕೇಳಿದ್ದಾನೆ. ಮಾಡಿದರೂ ಎರಡು ಲೀಟರ್‌ಗಿಂತ ಹೆಚ್ಚು ಬೇಡ ಎಂದಿದ್ದೇನೆ; ಅದು ತಿಂಗಳುಗಟ್ಟಲೆ ಇಟ್ಟರೆ ಹುಳಿಯುತ್ತದೆ, ನೀರು ಹೀರುತ್ತದೆ, ನನ್ನ ಓಡಾಟಕ್ಕೆ ಅಷ್ಟು ಬೇಕಿಲ್ಲ. ಬಂಕಿನ ಡೀಸೆಲ್ ತನ್ನಷ್ಟಕ್ಕೆ ಮಾನಕದೊಳಗೇ ಇರುವುದರಿಂದ, ಬೆರಕೆ ಇಲ್ಲದ ದಿನಗಳಲ್ಲಿ ಪಂಪ್ ಹಾಳಾಗುತ್ತದೆ ಎಂಬ ಭಯವೂ ಈಗ ಇಲ್ಲ. ಟರ್ಪೆಂಟೈನಿನ ಡಬ್ಬಿ ಬಣ್ಣ ಬಳಿಯುವವರ ಮನೆ ಸೇರಿದೆ.

ಪಂಪ್ ಹಾಕಿದ ಮೇಲೆ 1,840 ಕಿ.ಮೀ. ಓಡಿದೆ. ಬಿಸಿಯಲ್ಲಿ ಹೊತ್ತುವುದು ಸರಿಯಿದೆ. ಲಿವರಿನ ಬುಡದಲ್ಲಿ ಮಾತ್ರ ವಾರಕ್ಕೊಮ್ಮೆ ಒಂದು ಹನಿಯಷ್ಟು ತೇವ ಕಾಣುತ್ತದೆ; ಸೀಲು ಹೊಸದು, ಹಾಗಾಗಿ ಅಲ್ಲಿಯ ಬುಶ್ ಸವೆದಿರಬೇಕು. ಅದನ್ನು ಏಪ್ರಿಲ್‌ನಲ್ಲಿ ಬಿಚ್ಚುತ್ತೇನೆ. ನೀರಿನ ಬಟ್ಟಲಿಗೆ ಹಿತ್ತಾಳೆಯ ಹೊಸ ತಿರುಪು ಹಾಕಿದ್ದೇನೆ. ಇಂದು ಬೆಳಿಗ್ಗೆ ತೆರೆದಾಗ ಜಾಡಿಯಲ್ಲಿ ಬಂದದ್ದು ಬರೀ ಡೀಸೆಲ್, ನೀರು ಒಂದು ತೊಟ್ಟೂ ಇಲ್ಲ. ಮುಂದೆ ತೆರೆಯುವುದು ಮಾರ್ಚ್ 23ಕ್ಕೆ.